ಕಲ್ಲುನೆಲದ ಒಂದು ಹಳದಿ ಹೂವಿನ ಗುರುತು

ನಮ್ಮ ಚಿತ್ರದುರ್ಗದ ಸೀಮೆಯ ಬೆಟ್ಟಗಳ ತಪ್ಪಲಿನಲ್ಲಿ ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಅರಳುವ ಹಳದಿ ಹೂಗಳಿಗೆ ಲೆಕ್ಕವಿಲ್ಲ. ವರ್ಷದ ಒಂಬತ್ತು ತಿಂಗಳು ಬೋಳಾಗಿ ಬಿದ್ದಿರುವ ಕಲ್ಲುನೆಲ ಅದು. ಜಾಲಿ, ಕಾರೆ, ಬಂದರಿಕೆ, ತಂಗಡಿ ಇಷ್ಟನ್ನು ಬಿಟ್ಟರೆ ಕಣ್ಣಿಗೆ ಹಸಿರೆಂಬುದು ಬೀಳುವುದೇ ಅಪರೂಪ. ಆದರೆ ನಾಲ್ಕು ಹದಮಳೆ ಬಿದ್ದುವೆಂದರೆ, ಬಂಡೆಗಳ ಸಂದಿನಲ್ಲಿ ನಿಂತ ಒಂದು ಹಿಡಿ ಮಣ್ಣಿನಿಂದಲೂ ಯಾವುದೋ ಒಂದು ಪುಟ್ಟ ಗಿಡ ಎದ್ದು, ಹೂ ಬಿಟ್ಟು, ಬೀಜ ಉದುರಿಸಿ, ಡಿಸೆಂಬರಿನ ಬಿಸಿಲಿಗೆ ಒಣಗಿಹೋಗುತ್ತದೆ. ಹೀಗೆ ಬಂದು ಹೋಗುವವುಗಳಲ್ಲಿ ಬಹುಪಾಲನ್ನು ನಾವು ‘ಕಳೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅವುಗಳ ಪೈಕಿ ಒಂದನ್ನು ಹಿಡಿದು, ಅದು ಇಂಥದೇ ಎಂದು ಗೊತ್ತುಮಾಡುವ ಬಗೆ ಹೇಗೆ ಎಂಬುದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಸಸ್ಯಶಾಸ್ತ್ರ ನನ್ನ ಪಾಠದ ವಿಷಯವಲ್ಲ. ನಾನು ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ವಿದ್ಯಾರ್ಥಿ. ಆದರೂ ಈ ಕೆಲಸ ನಮಗೆ ತೀರ ಹೊರತಾದುದಲ್ಲವೆಂದು ನನ್ನ ಭಾವನೆ. ಹಳೆಯ ಕಾವ್ಯವೊಂದರ ನಾಲ್ಕು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಇಲ್ಲಿರುವ ಅಕ್ಷರ ಯಾವುದು, ಕವಿ ಬರೆದ ಪಾಠ ಯಾವುದು ಎಂದು ಪರಿಶೀಲಿಸುವ ವಿದ್ವಾಂಸರ ಕೆಲಸಕ್ಕೂ ಇದಕ್ಕೂ ಬಹಳ ಹೋಲಿಕೆಯುಂಟು.

ನಾನು ಹೇಳಹೊರಟ ಗಿಡ ಗೇಣುದ್ದಕ್ಕಿಂತ ಎತ್ತರ ಬೆಳೆಯುವುದು ಅಪೂರ್ವ. ಬುಡದಿಂದಲೇ ಹಲವು ಕವಲಾಗಿ ಒಡೆದು ನೆಲದ ಮೇಲೆ ಹರಡಿಕೊಂಡಿರುತ್ತದೆ. ಎಲೆ ದಾರದಂತೆ ಸಣ್ಣ ಸಣ್ಣ ಎಳೆಗಳಾಗಿ ಸೀಳಿದೆ. ಕವಲಿನ ತುದಿಯಲ್ಲಿ ಕಡಲೆಕಾಳಿನಷ್ಟು ಗಾತ್ರದ ಹಳದಿ ಹೂ. ಜೋಗಿಮಟ್ಟಿಯ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಕುರಿಗಳು ಓಡಾಡಿ ಸವೆದ ಗರಸುನೆಲದಲ್ಲಿ ಇದು ಕಳೆದ ಸೆಪ್ಟೆಂಬರಿನಲ್ಲಿ ಹತ್ತಿಪ್ಪತ್ತು ಕಡೆ ಕಾಣಿಸಿತು. ಜೊತೆಗಿದ್ದ ನಾಲ್ವರು ಮಿತ್ರರು ನಾಲ್ಕು ಹೆಸರು ಹೇಳಿದರು. ಒಬ್ಬರಿಗೆ ಅದು ಎಳೆಯ ಕಾಂಗ್ರೆಸ್ ಗಿಡವಾಗಿ ತೋರಿತು; ಇನ್ನೊಬ್ಬರಿಗೆ ಕಾಡು ಸೇವಂತಿಗೆ; ಮೂರನೆಯವರಿಗೆ ಗಾಯಕ್ಕೆ ಹಿಂಡುವ ಗಬ್ಬುಸೇವಂತಿಗೆ. ನಾಲ್ಕನೆಯವರು ಕೈಯ ಫೋನಿಗೆ ಅದರ ಚಿತ್ರ ತೋರಿಸಿ ‘ಕಾಸ್ಮಾಸ್’ ಎಂಬ ಉತ್ತರ ಪಡೆದರು. ಕಾಸ್ಮಾಸ್ ನಮ್ಮ ಕಾಲೇಜಿನ ಅಂಗಳದ ಪಾತಿಯಲ್ಲೇ ಇರುವ ಎದೆಯೆತ್ತರದ ತೋಟದ ಹೂ! ಯಂತ್ರವೆಂದು ನಗುವಂತಿಲ್ಲ, ಅದು ಹೇಳಿದ ನೆಂಟಸ್ತಿಕೆ ಪೂರ್ತಿ ತಪ್ಪೇನೂ ಅಲ್ಲವೆಂದು ಆಮೇಲೆ ತಿಳಿಯಿತು.

ಇಲ್ಲಿ ಸೂರ್ಯಕಾಂತಿಯ ಕುಟುಂಬವನ್ನು ಕುರಿತು ಸ್ವಲ್ಪ ಹೇಳಬೇಕಾಗುತ್ತದೆ. ಇದನ್ನು ಹಿಂದಿನವರು ಕಂಪಾಸಿಟೀ ಎಂದು ಕರೆಯುತ್ತಿದ್ದರು. ಈಗ ಆಸ್ಟರೇಸೀ ಎನ್ನುತ್ತಾರೆ. ಹೂ ಬಿಡುವ ಸಸ್ಯಗಳಲ್ಲಿ ಅತಿ ದೊಡ್ಡ ಕುಟುಂಬಗಳಲ್ಲಿ ಇದೊಂದು; 25,000ಕ್ಕೂ ಹೆಚ್ಚು ಪ್ರಭೇದಗಳು ಇದರಲ್ಲಿವೆ. ಸೇವಂತಿಗೆ, ಚೆಂಡುಹೂ, ಹುಚ್ಚೆಳ್ಳು, ಕುಸುಬೆ, ಗರುಗ ಎಲ್ಲವೂ ಈ ಮನೆಯವೇ. ನಾವು ‘ಒಂದು ಹೂ’ ಎಂದು ಕಿತ್ತು ಮುಡಿಯುವುದು ಈ ಕುಟುಂಬದಲ್ಲಿ ಒಂದು ಹೂವಲ್ಲ. ಅದು ಹತ್ತಾರು, ಕೆಲವು ವೇಳೆ ಸಾವಿರಾರು ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತಿರುವ ಒಂದು ಸಭೆ. ಅಂಚಿನಲ್ಲಿರುವವು ಸಾಮಾನ್ಯವಾಗಿ ನಾಲಿಗೆಯಂತೆ ಚಾಚಿಕೊಂಡಿರುತ್ತವೆ. ಅವನ್ನೇ ನಾವು ಎಸಳೆಂದು ಭ್ರಮಿಸುವುದು. ನಡುವಿನವು ಸಣ್ಣ ಕೊಳವೆಗಳು. ಇಡೀ ಸಭೆಯನ್ನು ಕೆಳಗಿನಿಂದ ಹಸಿರು ದಳಗಳ ಒಂದು ಬಟ್ಟಲು ಹಿಡಿದಿರುತ್ತದೆ. ಸೂರ್ಯಕಾಂತಿಯ ಒಂದೊಂದು ‘ಬೀಜ’ವೂ ಒಂದೊಂದು ಕಿರುಹೂವಿನ ಕಾಯಿ. ಒಂದು ಚೆಂಡಿನಲ್ಲಿ ಅಷ್ಟೊಂದು ಬೀಜಗಳಿರುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಕುಟುಂಬದವರ ಮುಖಗಳು ಒಂದನ್ನೊಂದು ಬಹಳ ಹೋಲುತ್ತವೆ. ಹಳದಿ ಬಣ್ಣ, ಸುತ್ತ ಕಿರಣ, ನಡುವೆ ಬಿಲ್ಲೆ. ಇಷ್ಟರಿಂದ ಯಾರನ್ನೂ ಗುರುತಿಸಲಾಗದು. ಹಾಗಾದರೆ ಎಲ್ಲಿ ನೋಡಬೇಕು? ಕಾಯಿಯಲ್ಲಿ. ಅದರ ಆಕಾರ, ಚಪ್ಪಟೆಯೋ ಕೋನವೋ ಎಂಬುದು, ಎಲ್ಲಕ್ಕಿಂತ ಹೆಚ್ಚಾಗಿ ಅದರ ನೆತ್ತಿಯ ಮೇಲೆ ಏನಿದೆ ಎಂಬುದು. ಕೆಲವಕ್ಕೆ ನೆತ್ತಿಯಲ್ಲಿ ರೇಷ್ಮೆಯಂಥ ಕೂದಲಿನ ಕುಚ್ಚು, ಕೆಲವಕ್ಕೆ ಹಕ್ಕಿಯ ಗರಿಯಂಥ ಪುಕ್ಕ, ಕೆಲವಕ್ಕೆ ಮುಳ್ಳು, ಕೆಲವಕ್ಕೆ ಬೋಳುತಲೆ. ಗಾಳಿಯಲ್ಲಿ ಹಾರುವುದೋ, ದನದ ಮೈಗೆ ಅಂಟುವುದೋ, ಇದ್ದಲ್ಲೇ ಉದುರುವುದೋ ಎಂಬುದನ್ನು ನಿರ್ಧರಿಸುವ ಅಂಗ ಅದು. ಆದ್ದರಿಂದ ಹೂ ಕಂಡ ದಿನವೇ ಹೆಸರಿಗೆ ಆತುರಪಡದೆ, ಅದೇ ಸ್ಥಳಕ್ಕೆ ಎರಡು ಮೂರು ವಾರ ಬಿಟ್ಟು ಮತ್ತೆ ಹೋಗುವ ವ್ಯವಧಾನ ಬೇಕು. ನಾನು ಗಿಡಗಳ ಪಕ್ಕದ ಬಂಡೆಗೆ ಸುಣ್ಣದ ಗುರುತು ಹಾಕಿ ಬಂದೆ.

ಕಾಯಿ ಕಟ್ಟುವವರೆಗೆ ಸುಮ್ಮನೆ ಕುಳಿತಿರಬೇಕೆಂದೇನೂ ಇಲ್ಲ. ಹೂವಿದ್ದಾಗಲೇ ಕೆಲವರನ್ನು ಸಾಲಿನಿಂದ ಹೊರಗೆ ಕಳಿಸಬಹುದು.

ಮೊದಲನೆಯದು ಹಾಲಿನ ಪರೀಕ್ಷೆ. ಎಲೆಯನ್ನೋ ಕಾಂಡವನ್ನೋ ಚಿವುಟಿದಾಗ ಬಿಳಿಯ ಹಾಲು ಒಸರಿ, ಸಭೆಯಲ್ಲಿರುವ ಕಿರುಹೂಗಳೆಲ್ಲವೂ ನಾಲಿಗೆಯವೇ ಆಗಿದ್ದರೆ ಅದು ಲಾನೀಯ ಮೊದಲಾದವುಗಳ ಗುಂಪು. ನಮ್ಮ ಹೊಲದ ಬದುಗಳಲ್ಲಿ ಅಂಥವು ಧಾರಾಳವಾಗಿವೆ. ನಮ್ಮ ಗಿಡದಲ್ಲಿ ಹಾಲಿಲ್ಲ, ನಡುವೆ ಕೊಳವೆಹೂಗಳಿವೆ. ಅಲ್ಲಿಗೆ ಆ ಗುಂಪು ಹೋಯಿತು.

ಕಾಂಗ್ರೆಸ್ ಗಿಡದ, ಎಂದರೆ ಪಾರ್ಥೇನಿಯಮ್ಮಿನ, ಸಂಶಯವನ್ನು ಬೇಗ ಬಗೆಹರಿಸಿಕೊಳ್ಳಬೇಕು. ಏಕೆಂದರೆ ಅದನ್ನು ಕೈಯಲ್ಲಿ ಉಜ್ಜಿದರೆ ಕೆಲವರಿಗೆ ತುರಿ ಏಳುತ್ತದೆ, ಉಬ್ಬಸವೂ ಬರುವುದುಂಟು. ಅಮೆರಿಕದಿಂದ ಬಂದ ಈ ಗಿಡ 1950ರ ದಶಕದ ನಡುಗಾಲದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಒಂದೆರಡು ತಲೆಮಾರಿನೊಳಗೆ ದೇಶವನ್ನೆಲ್ಲ ಆಕ್ರಮಿಸಿತು. ಎಳೆಯ ಕಾಂಗ್ರೆಸ್ ಗಿಡದ ಎಲೆಯೂ ಸೀಳಿದ್ದೇ, ನಿಜ. ಆದರೆ ಅದರ ಸೀಳು ಅಗಲ, ಮೈಯೆಲ್ಲ ನಸುಬೂದು ರೋಮ, ಹೂ ಬಿಳಿ. ನಮ್ಮದು ನುಣುಪು, ಎಲೆಯ ಎಳೆ ಸಬ್ಬಸಿಗೆಯಷ್ಟು ಸಣ್ಣ. ಉಜ್ಜಿದಾಗ ಬರುವ ವಾಸನೆಯೂ ಸಬ್ಬಸಿಗೆ, ಸೋಂಪುಗಳ ಜಾತಿಯದೇ. ಈ ವಾಸನೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಸಂಗ ಬರುತ್ತದೆ.

ಗಬ್ಬುಸೇವಂತಿಗೆ, ಟ್ರೈಡಾಕ್ಸ್, ನಮ್ಮೆಲ್ಲರಿಗೂ ಪರಿಚಿತ. ಚಿಕ್ಕಂದಿನಲ್ಲಿ ಮೊಣಕಾಲು ತರಚಿದಾಗ ಅದರ ಸೊಪ್ಪು ಹಿಂಡಿಸಿಕೊಳ್ಳದವರು ನಮ್ಮಲ್ಲಿ ಕಡಮೆ. ಅದರ ಎಲೆ ಜೋಡಿಜೋಡಿಯಾಗಿ ಎದುರುಬದುರು ಹುಟ್ಟುತ್ತದೆ. ಹಲ್ಲುಹಲ್ಲಾದ ಅಂಚು, ಒರಟು ರೋಮ. ಉದ್ದನೆಯ ಬರಿ ತೊಟ್ಟಿನ ಮೇಲೆ ಒಂದೇ ಹೂ, ಅಂಚಿನ ನಾಲಿಗೆಗಳು ಐದಾರು, ಪ್ರತಿಯೊಂದರ ತುದಿಯೂ ಮೂರಾಗಿ ಸೀಳಿದ್ದು, ಕಾಯಿಗೆ ಗರಿಯಂಥ ಪುಕ್ಕ. ನಮ್ಮ ಗಿಡಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ವೈಕೋವ ಇಂಡಿಕ ಎಂಬ ಮತ್ತೊಂದು ಹಳದಿ ಹೂವಿನ ಗಿಡ ಇದೇ ತಪ್ಪಲಿನಲ್ಲಿ ಇದೇ ಕಾಲಕ್ಕೆ ಅರಳುತ್ತದೆ. ಆದರೆ ಅದು ನೆಟ್ಟಗೆ ನಿಲ್ಲುವ ಗಿಡ, ಅದರ ಎಲೆಗೆ ಸೀಳಿಲ್ಲ.

ಅಕ್ಟೋಬರಿನ ಎರಡನೆಯ ವಾರ ಸುಣ್ಣದ ಗುರುತಿನ ಬಂಡೆಗೆ ಮರಳಿ ಹೋದಾಗ ಕಾಯಿ ಬಲಿತಿತ್ತು. ಒಂದು ಗಿಡವನ್ನು ಮಾತ್ರ ಬೇರುಸಹಿತ ತೆಗೆದುಕೊಂಡೆ. ಹತ್ತರಷ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ಒಂದು ಹೊಸ ಬ್ಲೇಡು, ಒಂದು ಬಿಳಿಯ ಕಾಗದ ಇಷ್ಟೇ ಸಲಕರಣೆ. ಹೂಗೊಂಚಲನ್ನು ತಲೆಯಿಂದ ತೊಟ್ಟಿನವರೆಗೆ ನಿಡಿದಾಗಿ ಎರಡು ಹೋಳು ಮಾಡಿದರೆ ಒಳಗಿನ ವ್ಯವಸ್ಥೆಯೆಲ್ಲ ಕಾಣುತ್ತದೆ. ಕಂಡದ್ದನ್ನು ಅಲ್ಲಿಯೇ ಬರೆದುಕೊಂಡೆ: ಎಲೆಗಳು ಜೋಡಿಯಾಗಿಲ್ಲ, ಒಂದಾದ ಮೇಲೊಂದು. ಬಟ್ಟಲಿನ ದಳಗಳು ಕೆಲವೇ. ಅವುಗಳ ಅಂಚು ತೆಳ್ಳಗೆ ಪೊರೆಯಂತಿದೆ. ಕಿರುಹೂಗಳ ನಡುವೆ ಪೀಠದ ಮೇಲೆ ಹೊಟ್ಟಿನಂಥ ತೆಳು ಚಕ್ಕೆಗಳುಂಟು. ಅಂಚಿನ ನಾಲಿಗೆಗಳು ಬೆರಳೆಣಿಕೆಯಷ್ಟು. ಗಿಡ್ಡ, ಅಗಲ, ತುದಿಯಲ್ಲಿ ಎರಡಾಗಿ ಸೀಳಿವೆ. ಕೊಳವೆಹೂವಿನ ಬಾಯಿಯಲ್ಲಿ ಹಲ್ಲು ನಾಲ್ಕು. ಈ ಕುಟುಂಬದಲ್ಲಿ ಐದಿರುವುದು ವಾಡಿಕೆ, ನಾಲ್ಕೆಂಬುದು ವಿಶೇಷ. ಕಾಯಿ ಕಪ್ಪು, ಉದ್ದ, ಚಪ್ಪಟೆ, ಮೈಯಲ್ಲಿ ಕೂದಲು, ನೆತ್ತಿಯ ಮೇಲೆ ಕವಲೊಡೆದು ನಿಂತ ಎರಡು ಬಿರುಸು ಮುಳ್ಳು. ಅಂಚಿನ ನಾಲಿಗೆಹೂವಿನ ಕೆಳಗೂ ಕಾಯಿ ಕಟ್ಟಿತ್ತು.

ಕಾಯಿಯ ತಲೆಯ ಮೇಲೆ ಎರಡು ಮುಳ್ಳೆಂದೊಡನೆ ಬೈಡೆನ್ಸ್ ಜಾತಿಯ ನೆನಪಾಗುವುದು ಸಹಜ. ಪೊದೆಯಲ್ಲಿ ನಡೆದುಬಂದರೆ ಪಂಚೆಗೆ ಸಾಲಾಗಿ ಚುಚ್ಚಿಕೊಳ್ಳುವ ಆ ಕಪ್ಪು ಸೂಜಿಗಳು ಅದರವೇ. ಆದರೆ ಅದರ ಎಲೆ ಜೋಡಿಯೆಲೆ. ಅಂಚಿನ ನಾಲಿಗೆಹೂ ಇದ್ದಾಗಲೂ ಸಾಮಾನ್ಯವಾಗಿ ಬಂಜೆ. ನಿಜವಾಗಿಯೂ ಮೋಸಗೊಳಿಸಬಲ್ಲದ್ದು ಬೇರೆ ಒಂದುಂಟು: ಕ್ರೈಸಾಂಥೆಲ್ಲಮ್. ಅದೂ ಪುಟ್ಟದು, ಅದರ ಎಲೆಯೂ ಸೀಳೆಲೆ, ಒಂದಾದ ಮೇಲೊಂದು ಹುಟ್ಟುವ ಎಲೆ, ಅದರ ಹೂವೂ ಹಳದಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬರಿಯ ಚಿತ್ರ ತೋರಿಸಿದರೆ ಯಾರಾದರೂ ತಬ್ಬಿಬ್ಬಾಗಬಹುದು. ಆದರೆ ಕ್ರೈಸಾಂಥೆಲ್ಲಮ್ಮಿನ ನಾಲಿಗೆಗಳು ಹಲವು ಮತ್ತು ಕಿರಿದು. ಅದರ ಕಾಯಿಗಳಲ್ಲಿ ಎರಡು ಬಗೆ, ಹೊರಗಿನವು ದಪ್ಪ, ಒಳಗಿನವು ಚಪ್ಪಟೆ. ಎರಡಕ್ಕೂ ನೆತ್ತಿ ಬೋಳು. ಮುಳ್ಳು ಇದೆಯೋ ಇಲ್ಲವೋ ಎಂಬ ಈ ಒಂದೇ ಪ್ರಶ್ನೆಗೆ ಮೂರು ವಾರ ಕಾದದ್ದು ಸಾರ್ಥಕವಾಯಿತು.

ಗುರುತಿನ ಕೀಲಿಕೈಗಳಿರುವ ಗ್ರಂಥಗಳಲ್ಲಿ ನಮ್ಮ ಕಡೆಗೆ ಹೆಚ್ಚು ಉಪಯುಕ್ತವಾದುದು ಗ್ಯಾಂಬಲ್ ಆರಂಭಿಸಿದ ‘ಫ್ಲೋರ ಆಫ್ ದ ಪ್ರೆಸಿಡೆನ್ಸಿ ಆಫ್ ಮದ್ರಾಸ್’. 1915ರಿಂದ 1936ರವರೆಗೆ ಬಿಡಿಭಾಗಗಳಾಗಿ ಹೊರಬಂದ ಈ ಗ್ರಂಥವನ್ನು ಗ್ಯಾಂಬಲರ ಬಳಿಕ ಫಿಷರ್ ಎಂಬವರು ಪೂರ್ಣಗೊಳಿಸಿದರು. ಹಳೆಯ ಮೈಸೂರು ಸಂಸ್ಥಾನ ಆ ಆಡಳಿತಕ್ಕೆ ಸೇರಿರಲಿಲ್ಲವಾದರೂ ನೆರೆಯ ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿಯೇ ಇತ್ತಲ್ಲ. ಬಳ್ಳಾರಿಯ ಕಲ್ಲುಬೆಟ್ಟಕ್ಕೂ ದುರ್ಗದ ಕಲ್ಲುಬೆಟ್ಟಕ್ಕೂ ಗಿಡಗಳ ಮಟ್ಟಿಗೆ ಗಡಿಯೆಲ್ಲಿದೆ? ಇದಕ್ಕಿಂತ ಹಿಂದಿನದು ಹೂಕರರ ಏಳು ಸಂಪುಟಗಳ ‘ಫ್ಲೋರ ಆಫ್ ಬ್ರಿಟಿಷ್ ಇಂಡಿಯ’ (1872–1897). ಇವೆಲ್ಲ ಈಗ ಗಣಕದ ಪರದೆಯ ಮೇಲೆ ಪುಟಪುಟವಾಗಿ ಓದಸಿಗುತ್ತವೆ. ಕೀಲಿಯ ಕ್ರಮ ಹೀಗೆ: ಒಂದು ಪ್ರಶ್ನೆ, ಎರಡು ಉತ್ತರ, ನಿಮ್ಮ ಕೈಯಲ್ಲಿರುವ ಗಿಡಕ್ಕೆ ಒಪ್ಪುವ ಉತ್ತರವನ್ನು ಹಿಡಿದು ಮುಂದಿನ ಪ್ರಶ್ನೆಗೆ ಹೋಗಬೇಕು. ಮೇಲಿನ ಟಿಪ್ಪಣಿಯನ್ನು ಇಟ್ಟುಕೊಂಡು ನಡೆದಾಗ ಸಿಕ್ಕಿದ ಹೆಸರು ಗ್ಲಾಸೋಕಾರ್ಡಿಯ ಬಾಸ್ವಾಲಿಯ.

ಹೆಸರಿಗೂ ಒಂದು ಚರಿತ್ರೆಯುಂಟು. ಲಿನೇಯಸನ ಮಗ 1782ರ ತನ್ನ ಗ್ರಂಥದಲ್ಲಿ ಇದನ್ನು ವರ್ಬಿಸೀನ ಎಂಬ ಜಾತಿಗೆ ಸೇರಿಸಿ ವರ್ಣಿಸಿದ. 1817ರಲ್ಲಿ ಫ್ರಾನ್ಸಿನ ಹೆನ್ರಿ ಕಾಸಿನಿ ಇದಕ್ಕೆಂದೇ ಗ್ಲಾಸೋಕಾರ್ಡಿಯ ಎಂಬ ಹೊಸ ಜಾತಿಯನ್ನು ಕಲ್ಪಿಸಿದ. ಗ್ರೀಕಿನಲ್ಲಿ ಗ್ಲಾಸ ಎಂದರೆ ನಾಲಿಗೆ, ಕಾರ್ಡಿಯ ಎಂದರೆ ಹೃದಯ; ತುದಿ ಸೀಳಿದ ಆ ನಾಲಿಗೆಹೂವನ್ನು ಮಸೂರದಡಿ ನೋಡಿದವರಿಗೆ ಹೆಸರಿನ ಔಚಿತ್ಯ ಹೊಳೆಯುತ್ತದೆ. ಈ ಕಾಸಿನಿ ವೃತ್ತಿಯಿಂದ ನ್ಯಾಯಾಧೀಶ. ಖಗೋಳಶಾಸ್ತ್ರಜ್ಞರ ಪ್ರಖ್ಯಾತ ಮನೆತನದಲ್ಲಿ ಹುಟ್ಟಿದವ. ಆಕಾಶವನ್ನು ಬಿಟ್ಟು ಸೂರ್ಯಕಾಂತಿಯ ಕುಟುಂಬಕ್ಕೆ ತನ್ನ ಬಿಡುವನ್ನೆಲ್ಲ ಸಲ್ಲಿಸಿ, 1832ರಲ್ಲಿ ಪ್ಯಾರಿಸಿಗೆ ಬಂದ ಕಾಲರಾಕ್ಕೆ ತುತ್ತಾದ. ಸಸ್ಯಶಾಸ್ತ್ರ ತನ್ನ ಕಸುಬಲ್ಲವೆಂದು ಕೈಕಟ್ಟಿ ಕೂರದ ಆ ನ್ಯಾಯಾಧೀಶನ ಮೇಲೆ ನನಗೆ ವಿಶೇಷ ಅಭಿಮಾನ. ಹಳೆಯ ಹೆಸರನ್ನೂ ಹೊಸ ಜಾತಿಯನ್ನೂ ಕೂಡಿಸಿ ಈಗಿನ ರೂಪಕ್ಕೆ ತಂದವನು ಡಿ ಕಂಡೋಲ್, 1834ರಲ್ಲಿ. ಮದ್ರಾಸಿನಲ್ಲಿ ಕಂಪನಿ ಸರ್ಕಾರದ ವೈದ್ಯನಾಗಿದ್ದ ರಾಬರ್ಟ್ ವೈಟನ ಗ್ರಂಥದೊಳಗೆ. ಕಾಸ್ಮಾಸ್, ಬೈಡೆನ್ಸ್, ಗ್ಲಾಸೋಕಾರ್ಡಿಯ ಮೂರೂ ಕುಟುಂಬದೊಳಗಿನ ಒಂದೇ ಬಳಗದವು. ಫೋನು ಹೇಳಿದ್ದು ಪೂರ್ತಿ ತಪ್ಪಲ್ಲವೆಂದು ನಾನು ಬರೆದದ್ದು ಇದಕ್ಕಾಗಿ.

ಇಷ್ಟಕ್ಕೆ ಮುಗಿದಿದ್ದರೆ ಇದೊಂದು ವಿನೋದದ ವ್ಯಾಸಂಗವಾಗುತ್ತಿತ್ತು. ಆದರೆ ಗಿಡವನ್ನು ವೃತ್ತಪತ್ರಿಕೆಯ ಮಡಿಕೆಯಲ್ಲಿ ಒತ್ತುತ್ತಿದ್ದಾಗ, ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯಲ್ಲಿಯೇ ಇರುವ ಬೆಳಗಾವಿಯ ಕಡೆಯ ಮಿತ್ರರೊಬ್ಬರು ಮೂಸಿನೋಡಿ, “ಇದು ಖಡಕ್ ಶೇಪೂ ಅಲ್ಲೇನಪಾ! ನಮ್ಮ ಆಯಿ ಇದನ್ನ ಒಣಗಿಸಿ ಇಟ್ಟಿರ್ತಾಳ. ಜ್ವರ ಬಂದ್ರ ಕುದಿಸಿ ಕುಡಸ್ತಾಳ. ಪಿತ್ತಪಾಪಡಾ ಅಂತಾರ ಇದಕ್ಕ” ಎಂದರು. ಖಡಕ್ ಶೇಪೂ ಎಂಬುದು ಮರಾಠಿಯ ಮಾತು. ಬಂಡೆಯ ಸಬ್ಬಸಿಗೆ ಎಂದರ್ಥ. ಇದಕ್ಕೆ ಫತ್ತರಸುವಾ ಎಂಬ ಇನ್ನೊಂದು ಹೆಸರೂ ಆ ಭಾಷೆಯಲ್ಲಿದೆ, ಅರ್ಥ ಅದೇ. ಬೆಳೆಯುವ ಸ್ಥಳ, ಎಲೆಯ ರೂಪ, ವಾಸನೆ ಮೂರನ್ನೂ ಎರಡು ಪದದಲ್ಲಿ ಅಡಗಿಸಿದ ಆ ಅನಾಮಧೇಯ ಹಳ್ಳಿಗರ ಕಣ್ಣು ಕಾಸಿನಿಯ ಕಣ್ಣಿಗಿಂತ ಕಡಮೆಯದಲ್ಲ. ಕನ್ನಡದಲ್ಲಿ ನಾವು ಕಲ್ಲುಸಬ್ಬಸಿಗೆ ಎಂದು ಕರೆದುಕೊಂಡರೆ ತಪ್ಪೇನಿಲ್ಲವೆಂದು ತೋರುತ್ತದೆ.

ತೊಡಕು ಇರುವುದು ಎರಡನೆಯ ಹೆಸರಿನಲ್ಲಿ. ಪಿತ್ತಪಾಪಡಾ ಎಂದರೆ ಆಯುರ್ವೇದದ ಪರ್ಪಟ ಅಥವಾ ಪರ್ಪಟಕ. ಮುಸ್ತೆ, ಲಾವಂಚ, ಶ್ರೀಗಂಧ, ಬಾಳದ ಬೇರು, ಶುಂಠಿಗಳ ಜೊತೆಗೆ ಸೇರಿ ಜ್ವರದ ದಾಹಕ್ಕೆ ಕೊಡುವ ‘ಷಡಂಗ ಪಾನೀಯ’ದ ಆರು ಅಂಗಗಳಲ್ಲಿ ಇದು ಒಂದು. ನಮ್ಮ ಮನೆಯಲ್ಲಿಯೂ ಜ್ವರಕ್ಕೆ ‘ಪರ್ಪಾಟಕ’ದ ಕಷಾಯವೇ. ಅಜ್ಜಿ ಗ್ರಂಥಿಗೆ ಅಂಗಡಿಯಿಂದ ತರಿಸಿಟ್ಟ ಪೊಟ್ಟಣವನ್ನು ದಸರಾ ರಜೆಯಲ್ಲಿ ಬಿಚ್ಚಿ ಕಾಗದದ ಮೇಲೆ ಹರಡಿ ನೋಡಿದೆ. ಹೂಗೊಂಚಲಿನ ಬಟ್ಟಲಿಲ್ಲ, ಮುಳ್ಳಿನ ಕಾಯಿಯಿಲ್ಲ. ತಂತಿಯಂಥ ಸಣ್ಣ ಕಾಂಡ, ಗೆಣ್ಣುಗೆಣ್ಣಿಗೆ ಚಕ್ರದಂತೆ ಸುತ್ತಿದ ಸೂಜಿಯೆಲೆ, ಸಾಸಿವೆಗಿಂತ ಕಿರಿದಾದ ಗುಂಡು ಕಾಯಿ, ಅದರೊಳಗೆ ಧೂಳಿನಂಥ ಬೀಜ. ಅದು ಮೊಲ್ಲುಗೊ ಸರ್ವಿಯಾನ. ಸೂರ್ಯಕಾಂತಿಯ ಕುಟುಂಬಕ್ಕೆ ಏನೇನೂ ಸಂಬಂಧವಿಲ್ಲದ ಗಿಡ.

ಇದು ನಮ್ಮ ಎರಡು ಮನೆಗಳ ಕತೆ ಮಾತ್ರವಲ್ಲ. ಉತ್ತರ ಭಾರತದಲ್ಲಿ ಚಳಿಗಾಲದ ಗೋಧಿಹೊಲಗಳಲ್ಲಿ ಬೆಳೆಯುವ ಫ್ಯೂಮೇರಿಯವನ್ನು ಪರ್ಪಟವೆನ್ನುತ್ತಾರೆ. ಅಧಿಕೃತ ಆಯುರ್ವೇದ ಗ್ರಂಥಗಳು ಒಪ್ಪಿರುವುದೂ ಅದನ್ನೇ. ಕೇರಳದಲ್ಲಿ ಓಲ್ಡನ್‌ಲ್ಯಾಂಡಿಯ ಕಾರಿಂಬೋಸ, ತಮಿಳುನಾಡಿನಲ್ಲಿಯೂ ನಮ್ಮಲ್ಲಿಯೂ ಮೊಲ್ಲುಗೊ, ಕೆಲವೆಡೆ ರುಂಗಿಯ, ದಖ್ಖನಿನ ಮರಾಠಿ ಸೀಮೆಯಲ್ಲಿ ನಮ್ಮ ಈ ಕಲ್ಲುಸಬ್ಬಸಿಗೆ. ಐದು ಗಿಡ, ಐದು ಬೇರೆ ಬೇರೆ ಕುಟುಂಬ, ಹೆಸರು ಒಂದೇ. ಹೀಗೇಕಾಯಿತು? ನನ್ನ ಊಹೆ ಇಷ್ಟು: ಫ್ಯೂಮೇರಿಯದ ಎಲೆಯೂ ನುಣ್ಣಗೆ ಸೀಳಿದ್ದು, ರುಚಿ ಕಹಿ. ಉತ್ತರದ ಗಿಡ ದಕ್ಷಿಣದ ಬಯಲಿನಲ್ಲಿ ಸಿಗದಿದ್ದಾಗ, ಶ್ಲೋಕವನ್ನು ಬಲ್ಲ ವೈದ್ಯರು ತಮ್ಮ ಊರಿನ ಸೀಳೆಲೆಯ, ಕಹಿರುಚಿಯ, ಪುಟ್ಟ ಗಿಡವೊಂದನ್ನು ಅದರ ಸ್ಥಾನದಲ್ಲಿ ಕೂರಿಸಿರಬೇಕು. ಶ್ಲೋಕ ಹೆಸರನ್ನು ಕೊಟ್ಟಿತೇ ಹೊರತು ಕಾಯಿಯ ವರ್ಣನೆಯನ್ನು ಕೊಡಲಿಲ್ಲ.

ಇವುಗಳಲ್ಲಿ ಯಾವುದು ಜ್ವರಕ್ಕೆ ಹಿತ, ಯಾವುದು ಅಲ್ಲ ಎಂದು ಹೇಳಬೇಕಾದವರು ಬಲ್ಲ ವೈದ್ಯರು. ನಾನು ಆ ಮಾತಿಗೆ ಹೋಗುವುದಿಲ್ಲ. ಆದರೆ ಒಂದು ಗಿಡದ ಮೇಲೆ ನಡೆಸಿದ ಪರೀಕ್ಷೆಯ ಫಲ ಇನ್ನೊಂದಕ್ಕೆ ಸಲ್ಲುವುದಿಲ್ಲವೆಂಬುದು ಸ್ಪಷ್ಟ. ಬೆಳಗಾವಿಯ ಆಯಿಯ ಕಷಾಯವೂ ನಮ್ಮಜ್ಜಿಯ ಕಷಾಯವೂ ಹೆಸರಿನಲ್ಲಿ ಒಂದು, ಪಾತ್ರೆಯಲ್ಲಿ ಬೇರೆ. ಅಳತೆ ಹೇಳಿಕೊಡುವಾಗ, ಪುಸ್ತಕದಲ್ಲಿ ಓದಿ ಮಾಡುವಾಗ, ಅಂಗಡಿಯಲ್ಲಿ ಕೇಳಿ ತರುವಾಗ, ಈ ಬೇರೆತನ ಯಾರ ಗಮನಕ್ಕೂ ಬರುವುದಿಲ್ಲ. ಒಣಗಿದ ಮೇಲೆ ಎಲ್ಲವೂ ಒಂದೇ ಬಗೆಯ ಕಂದು ಪುಡಿ. ಅಜ್ಜಿಗೆ ಎರಡು ಗಿಡಗಳನ್ನೂ ತೋರಿಸಿದಾಗ ಅವರು ಕಲ್ಲುಸಬ್ಬಸಿಗೆಯನ್ನು ಬೆರಳಿನಲ್ಲಿ ಉಜ್ಜಿ ಮೂಸಿ, “ಇದು ನಮ್ದಲ್ಲಪ್ಪ, ಇದನ್ನ ಕುರಿ ತಿಂತಾವೆ” ಎಂದು ಒಂದೇ ಮಾತಿನಲ್ಲಿ ತೀರ್ಪುಕೊಟ್ಟರು.

ಗುರುತಿಸಲು ಹೊರಡುವ ಮಿತ್ರರಿಗೆ ಕೆಲವು ವ್ಯವಹಾರದ ಸೂಚನೆಗಳು. ಒಣಗಿದ ಹೂಗೊಂಚಲು ಸಿಕ್ಕರೆ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಕಿರುಹೂ ಮತ್ತೆ ಮೃದುವಾಗಿ ಬಿಡಿಸಲು ಬರುತ್ತದೆ. ಒತ್ತುವ ಕಾಗದವನ್ನು ಮೊದಲ ನಾಲ್ಕು ದಿನ ದಿನಾಲೂ ಬದಲಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿದೀತು. ಸ್ಥಳ, ತಾರೀಖು, ನೆಲದ ಬಗೆ, ಹೂವಿನ ಬಣ್ಣ ಇವನ್ನು ಗಿಡದ ಮುಂದೆ ನಿಂತೇ ಬರೆಯಬೇಕು. ಬಣ್ಣ ಒತ್ತಿದ ಮೇಲೆ ಉಳಿಯುವುದಿಲ್ಲ, ವಾಸನೆಯೂ ಕ್ರಮೇಣ ಹೋಗುತ್ತದೆ. ಒಂದು ಕಡೆ ಹತ್ತಕ್ಕಿಂತ ಕಡಮೆ ಗಿಡಗಳಿದ್ದರೆ ಕೀಳದಿರುವುದು ಮೇಲು. ಈ ಗಿಡಕ್ಕೆ ಒಂದು ವರ್ಷದ ಆಯುಸ್ಸು, ಉದುರಿದ ಬೀಜವೇ ಮುಂದಿನ ವರ್ಷದ ಆಸ್ತಿ. ನಮ್ಮ ಗುರುತು ಸರಿಯೇ ಎಂದು ತಾಳೆನೋಡಬೇಕೆನ್ನುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣಸಸ್ಯಗಳ ಸಂಗ್ರಹಾಲಯವಿದೆ.

ನಾನು ಒತ್ತಿದ ಗಿಡವನ್ನು ದಪ್ಪ ಹಾಳೆಗೆ ಹೊಲಿದು, ಅಂಗಡಿಯ ಪರ್ಪಾಟಕದ ಒಂದು ಎಳೆಯನ್ನೂ ಅದರ ಪಕ್ಕದಲ್ಲಿ ಹಚ್ಚಿ, ಕಾಲೇಜಿನ ಗ್ರಂಥಾಲಯದಲ್ಲಿ ಇರಿಸಿದ್ದೇನೆ. ಹಾಳೆಯ ಬಲಮೂಲೆಯ ಕಾಗದದ ಪೊಟ್ಟಣದಲ್ಲಿ ಕಲ್ಲುಸಬ್ಬಸಿಗೆಯ ಹನ್ನೊಂದು ಕಾಯಿಗಳಿವೆ. ಮಸೂರವನ್ನು ಗ್ರಂಥಪಾಲಕರಲ್ಲಿ ಕೇಳಿ ಪಡೆಯಬಹುದು. ಪೊಟ್ಟಣ ಬಿಚ್ಚುವವರು ಮೊದಲು ಫ್ಯಾನನ್ನು ನಿಲ್ಲಿಸಬೇಕಾಗಿ ಕೋರಿಕೆ.